ಕೇಳದೆ ತಂದುಕೊಡುವ ಲೋಟ: ಪಾಕಿಸ್ತಾನದ ಮನೆಗಳ ಶರಬತ್ತು ಮಾಡುವುದು ಹೇಗೆ?

ಬೇಸಿಗೆಯ ಮಧ್ಯಾಹ್ನ ಲಾಹೋರಿನಲ್ಲೋ ಸಿಂಧ್ ಪ್ರಾಂತದ ಹೈದರಾಬಾದಿನಲ್ಲೋ ಒಬ್ಬರ ಮನೆಗೆ ಹೋದರೆ ‘ಏನು ಕುಡಿಯುತ್ತೀರಿ?’ ಎಂದು ಕೇಳುವ ರೂಢಿ ಕಡಿಮೆ. ಬಂದವರನ್ನು ಕೂರಿಸಿ, ಫ್ಯಾನು ಹಾಕಿ, ಮನೆಮಂದಿಯ ಕ್ಷೇಮ ವಿಚಾರಿಸುವಷ್ಟರಲ್ಲಿ ಒಳಗಿನಿಂದ ಟ್ರೇ ಬಂದಿರುತ್ತದೆ. ಇದಕ್ಕೊಂದು ಕಾರಣವಿದೆ. ಕೇಳಿದರೆ ಅತಿಥಿ ‘ಏನೂ ಬೇಡ, ತೊಂದರೆ ತೆಗೆದುಕೊಳ್ಳಬೇಡಿ’ ಎನ್ನಲೇಬೇಕು. ಅದು ಅಲ್ಲಿನ ಮರ್ಯಾದೆ. ಬಿಸಿಲಲ್ಲಿ ಬಂದು ಗಂಟಲೊಣಗಿದವರ ಬಾಯಿಂದ ‘ಬೇಡ’ ಎಂದು ಹೇಳಿಸುವುದಕ್ಕಿಂತ ಕೇಳದೆ ಲೋಟ ಮುಂದಿಡುವುದು ಮೇಲು. ಹಾಗೆ ಮುಂದಿಡಬೇಕಾದರೆ ಲೋಟದೊಳಗಿನದು ಮೊದಲೇ ಸಿದ್ಧವಾಗಿರಬೇಕು. ಬಾದಾಮಿ ನೆನೆದಿರಬೇಕು, ಹುಳಿಯ ಪಾಕ ಬಾಟಲಿಯಲ್ಲಿರಬೇಕು, ಮಂಜುಗಡ್ಡೆ ಗಟ್ಟಿಯಾಗಿರಬೇಕು. ಪಾಕಿಸ್ತಾನದ ಮನೆಗಳ ಮೆಹ್ಮಾನ್‌ನವಾಜಿಯಲ್ಲಿ, ಅಂದರೆ ಅತಿಥಿ ಸತ್ಕಾರದಲ್ಲಿ, ನನ್ನನ್ನು ಬಹುವಾಗಿ ಸೆಳೆದದ್ದು ಈ ಮುನ್ನಾಲೋಚನೆ. ಅದಕ್ಕೇ ಈ ಲೇಖನದ ಹೆಚ್ಚಿನ ಹಂತಗಳು ಅತಿಥಿ ಬಾಗಿಲು ತಟ್ಟುವ ಮುಂಚಿನವು.

ಆ ನೆಲದ ಬಿಸಿಲಿನ ಅಂದಾಜು ನಮಗೆ ಸುಲಭಕ್ಕೆ ಸಿಗುವುದಿಲ್ಲ. ಬಲೂಚಿಸ್ತಾನದ ತುರ್ಬತ್‌ನಲ್ಲಿ 2017ರ ಮೇ 28ರಂದು 53.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಸಿಂಧ್‌ನ ಜೇಕಬಾಬಾದ್‌ನಲ್ಲಿ ಐವತ್ತರ ಗಡಿ ಮುಟ್ಟುವ ದಿನಗಳು ಅಪರೂಪವಲ್ಲ. ಬಯಲಿನ ಮೇಲೆ ಬೀಸುವ ‘ಲೂ’ ಎಂಬ ಬಿಸಿಗಾಳಿಗೆ ಸಿಕ್ಕಿ ಬಂದವರಿಗೆ ನೀರು, ಸಕ್ಕರೆ, ಉಪ್ಪು ಮೂರೂ ಬೇಕು. ಅಲ್ಲಿನ ಬಹುತೇಕ ಶರಬತ್ತುಗಳಲ್ಲಿ ಸಿಹಿಯ ಜೊತೆಗೆ ಚಿಟಿಕೆ ಕಪ್ಪು ಉಪ್ಪೋ ಮಾಮೂಲಿ ಉಪ್ಪೋ ಇರುವುದು ಬರಿಯ ರುಚಿಗಾಗಿ ಅಲ್ಲ.

ಪ್ರಾಂತಕ್ಕೆ ತಕ್ಕಂತೆ ಪಾನೀಯವೂ ಬದಲಾಗುತ್ತದೆ. ಪಂಜಾಬಿನ ಹಳ್ಳಿಗಳಲ್ಲಿ ಮಣ್ಣಿನ ಮಡಕೆಯಲ್ಲಿ ಕಡೆದ ಲಸ್ಸಿ ಮತ್ತು ಹುರಿದ ಬಾರ್ಲಿ ಹಿಟ್ಟಿಗೆ ಬೆಲ್ಲದ ನೀರು ಬೆರೆಸಿದ ಸತ್ತು, ಸಿಂಧ್‌ನಲ್ಲಿ ಬಾದಾಮಿ ಅರೆದು ಮಾಡುವ ಥಾದಲ್, ಕರಾಚಿಯಲ್ಲಿ ಹುಣಸೆ–ಆಲೂಬುಖಾರಾ (ಒಣ ಪ್ಲಮ್ ಹಣ್ಣು) ಶರಬತ್ತು, ಉತ್ತರದ ಹುಂಜಾ ಕಣಿವೆಯಲ್ಲಿ ಜರ್ದಾಳು ಹಣ್ಣಿನ ರಸ. ಪಶ್ತೂನರಲ್ಲಿ ಅತಿಥಿಯನ್ನು ಕಾಪಾಡಿ ಸತ್ಕರಿಸುವುದು ಕುಲದ ಕಟ್ಟಳೆ. ಅದನ್ನು ಮೆಲ್ಮಸ್ತಿಯಾ ಎನ್ನುತ್ತಾರೆ. ಊರಿನ ಗಂಡಸರು ಸೇರುವ ಹುಜ್ರಾದಲ್ಲಿ ಗುರುತಿಲ್ಲದವನಿಗೂ ಊಟ ಮತ್ತು ಹಸಿರು ಚಹಾ ಸಿಗುತ್ತದೆ. ಬೀದಿಯಲ್ಲಾದರೆ ಎಲ್ಲೆಡೆ ಕಬ್ಬಿನಹಾಲು. 2019ರಲ್ಲಿ ಅಲ್ಲಿನ ಸರ್ಕಾರ ಟ್ವಿಟರ್‌ನಲ್ಲಿ ಜನಮತ ಕೇಳಿ ಅದನ್ನೇ ರಾಷ್ಟ್ರೀಯ ಪಾನೀಯವೆಂದು ಘೋಷಿಸಿತು.

ಹಿಂದಿನ ರಾತ್ರಿ

ಮೊದಲ ಕೆಲಸ ನೆನೆಹಾಕುವುದು. ಗೋಂದ್ ಕತೀರಾ ಎಂಬ ಬಿಳಿ–ಹಳದಿ ಅಂಟಿನ ಚೂರುಗಳು ಯುನಾನಿ ಔಷಧದ ಅಂಗಡಿಗಳಲ್ಲಿ, ದೊಡ್ಡ ಗ್ರಂದಿಗೆ ಅಂಗಡಿಗಳಲ್ಲಿ ಸಿಗುತ್ತವೆ. ಒಂದು ಟೀ ಚಮಚದಷ್ಟು ಚೂರಿಗೆ ಎರಡು ದೊಡ್ಡ ಲೋಟ ನೀರು ಹಾಕಿ, ಅಗಲವಾದ ಪಾತ್ರೆಯಲ್ಲಿ ಮುಚ್ಚಿಡಿ. ಬೆಳಿಗ್ಗೆ ನೋಡಿದರೆ ಪಾತ್ರೆಯ ತುಂಬ ಮಂಜಿನ ಚೂರುಗಳಂತೆ ಉಬ್ಬಿ ನಿಂತಿರುತ್ತದೆ. ಉಳಿದ ನೀರನ್ನು ಬಸಿದು, ಕಸಕಡ್ಡಿ ಇದ್ದರೆ ಆರಿಸಿ ತೆಗೆಯಿರಿ. ಇಲ್ಲೊಂದು ಎಚ್ಚರ: ನಮ್ಮಲ್ಲಿ ಅಂಟಿನ ಉಂಡೆಗೆ ತುಪ್ಪದಲ್ಲಿ ಹುರಿಯುವ ಅಂಟು ಬೇರೆ. ಅದನ್ನು ನೆನೆಸಿದರೆ ಕರಗಿ ಜಿಗುಟಾಗುತ್ತದೆ, ಉಬ್ಬುವುದಿಲ್ಲ. ಅಂಗಡಿಯಲ್ಲಿ ‘ಶರಬತ್ತಿಗೆ ಹಾಕುವ ಕತೀರಾ’ ಎಂದು ಬಿಡಿಸಿ ಕೇಳಿ.

ತುಖ್ಮ್ ಮಲಂಗಾ ಎಂದು ಅವರು ಕರೆಯುವುದು ನಮ್ಮ ಕಾಮಕಸ್ತೂರಿ ಬೀಜ. ಇದಕ್ಕೆ ರಾತ್ರಿಯಿಡೀ ಬೇಕಿಲ್ಲ. ಒಂದು ಟೀ ಚಮಚ ಬೀಜಕ್ಕೆ ಒಂದು ಲೋಟ ನೀರು ಹಾಕಿ ಇಪ್ಪತ್ತು ನಿಮಿಷ ಬಿಟ್ಟರೆ ಕಪ್ಪು ಬೀಜದ ಸುತ್ತ ತಿಳಿಯಾದ ಲೋಳೆ ಕಟ್ಟುತ್ತದೆ. ಬೀಜ ಹಾಕಿದ ತಕ್ಷಣ ಒಮ್ಮೆ ಚಮಚದಿಂದ ಕದಡದಿದ್ದರೆ ಗಂಟುಗಂಟಾಗುತ್ತದೆ. ಒಣ ಬೀಜವನ್ನು ನೇರವಾಗಿ ಶರಬತ್ತಿಗೆ ಉದುರಿಸಿ ಕೊಡಬೇಡಿ, ಅದು ಗಂಟಲಲ್ಲಿ ಅಂಟಿಕೊಂಡು ಉಬ್ಬುತ್ತದೆ. ಮಕ್ಕಳಿಗಂತೂ ಬೇಡವೇ ಬೇಡ.

ಮಂಜುಗಡ್ಡೆಯನ್ನು ಕುಡಿಯುವ ನೀರಿನಿಂದಲೇ ಮಾಡಿ. ಶರಬತ್ತು ಎಷ್ಟೇ ಶುಚಿಯಾಗಿದ್ದರೂ ಕೆಟ್ಟ ಮಂಜುಗಡ್ಡೆ ಬಿದ್ದರೆ ಅತಿಥಿಯ ಹೊಟ್ಟೆ ಕೆಡುತ್ತದೆ.

ಥಾದಲ್: ಸಿಂಧ್‌ನ ತಂಪು

ಇದು ಶ್ರಮದ ಪಾನೀಯ. ಅಲ್ಲಿನ ಶರಬತ್ತುಗಳಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ ಎಂದು ಹೇಳುತ್ತೇನೆ. ಸಿಂಧ್‌ನ ಪೇಟೆಗಳಲ್ಲಿ ಬೇಸಿಗೆ ಬಂತೆಂದರೆ ಥಾದಲ್ ಅಂಗಡಿಗಳ ಮುಂದೆ ಜನ ನಿಲ್ಲುತ್ತಾರೆ. ಪಂಜಾಬಿನಲ್ಲಿ ಇದರದೇ ಸೋದರ ಪಾನೀಯ ಸರ್ದಾಯಿ. ಲಾಹೋರ್ ಮತ್ತು ಗುಜ್ರಾನ್‌ವಾಲಾದ ಗರಡಿಗಳಲ್ಲಿ ಪೈಲ್ವಾನರು ಸಾಮು ಮುಗಿಸಿ ಕುಡಿಯುತ್ತಿದ್ದದ್ದು ಅದನ್ನೇ. 1947ರಲ್ಲಿ ಸಿಂಧ್ ಬಿಟ್ಟು ಭಾರತಕ್ಕೆ ಬಂದ ಸಿಂಧಿ ಕುಟುಂಬಗಳು ಈ ಪಾನೀಯವನ್ನೂ ಜೊತೆಗೆ ತಂದವು. ಬೆಂಗಳೂರಿನಲ್ಲಿ ನೆಲೆಸಿದ ಸಿಂಧಿಗಳನ್ನು ಕೇಳಿ ನೋಡಿ, ಥಾದಲ್ ಎಂದರೆ ಹಿರಿಯರ ಮುಖ ಅರಳುತ್ತದೆ.

ಆರು ಲೋಟಕ್ಕೆ ಬೇಕಾದದ್ದು: ಬಾದಾಮಿ 30, ಗಸಗಸೆ 2 ದೊಡ್ಡ ಚಮಚ, ‘ಚಾರ್ ಮಗಜ್’ 3 ದೊಡ್ಡ ಚಮಚ, ಸೋಂಪು 1 ದೊಡ್ಡ ಚಮಚ, ಕಾಳುಮೆಣಸು 10, ಏಲಕ್ಕಿ 5, ಒಣಗಿದ ಪನ್ನೀರು ಗುಲಾಬಿಯ ಎಸಳು ಒಂದು ಹಿಡಿ, ಸಕ್ಕರೆ 8 ದೊಡ್ಡ ಚಮಚ, ಕಾಯಿಸಿ ಆರಿಸಿದ ಹಾಲು ಅರ್ಧ ಲೀಟರ್, ನೀರು ಅರ್ಧ ಲೀಟರ್. ಚಾರ್ ಮಗಜ್ ಎಂದರೆ ಕಲ್ಲಂಗಡಿ, ಕರಬೂಜ, ಸೌತೆ, ಕುಂಬಳ ಈ ನಾಲ್ಕರ ಸಿಪ್ಪೆ ಸುಲಿದ ಬೀಜ. ನಾಲ್ಕೂ ಸಿಗದಿದ್ದರೆ ಕರಬೂಜದ ಬೀಜವೊಂದೇ ಸಾಕು. ಕೊಲ್ಲಿ ರಾಷ್ಟ್ರಗಳಲ್ಲಿರುವ ಕನ್ನಡಿಗರು ಗಸಗಸೆಯನ್ನು ಪೂರ್ತಿ ಬಿಟ್ಟುಬಿಡಿ. ಯುಎಇ, ಸೌದಿ ಅರೇಬಿಯಾ, ಕತಾರ್‌ಗಳಲ್ಲಿ ಅದು ನಿಷಿದ್ಧ ವಸ್ತು. ಊರಿನಿಂದ ಪೊಟ್ಟಣ ಕಟ್ಟಿಸಿಕೊಂಡು ಹೋಗುವುದೂ ಅಪರಾಧ. ಬದಲಿಗೆ ಕರಬೂಜದ ಬೀಜ ಎರಡು ಚಮಚ ಹೆಚ್ಚು ಹಾಕಿ.

1. ಬಾದಾಮಿಯನ್ನು ಒಂದು ಬಟ್ಟಲಲ್ಲಿ, ಗಸಗಸೆಯನ್ನು ಇನ್ನೊಂದರಲ್ಲಿ, ಉಳಿದ ಬೀಜ–ಸಾಂಬಾರ ಪದಾರ್ಥಗಳನ್ನು ಮೂರನೆಯದರಲ್ಲಿ ರಾತ್ರಿ ನೆನೆಹಾಕಿ. ಗುಲಾಬಿ ಎಸಳನ್ನು ನೆನೆಸಬೇಡಿ. ಗಸಗಸೆಯನ್ನು ನೆನೆಹಾಕುವ ಮೊದಲು ನೀರಿನಲ್ಲಿ ಕದಡಿ, ತಳದಲ್ಲಿ ಕೂರುವ ಮರಳನ್ನು ಬಿಟ್ಟು ಮೇಲಿನದನ್ನು ಮಾತ್ರ ಬಸಿದುಕೊಳ್ಳಿ.

2. ಬೆಳಿಗ್ಗೆ ಬಾದಾಮಿಯ ಸಿಪ್ಪೆ ಸುಲಿಯಿರಿ. ಸಿಪ್ಪೆ ಉಳಿದರೆ ಬಣ್ಣ ಮಂಕಾಗುತ್ತದೆ, ಒಗರೂ ಬರುತ್ತದೆ.

3. ಮೊದಲು ಗಸಗಸೆಯನ್ನು ಮಾತ್ರ ಅರೆಯಿರಿ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಬಾದಾಮಿ ನುಣ್ಣಗಾದರೂ ಗಸಗಸೆ ಕಾಳುಕಾಳಾಗಿ ಉಳಿದುಬಿಡುತ್ತದೆ. ಅದು ಬೆಳ್ಳಗೆ ಬೆಣ್ಣೆಯಂತಾದ ಮೇಲೆ ಬೀಜಗಳು, ಸೋಂಪು, ಮೆಣಸು, ಸುಲಿದ ಏಲಕ್ಕಿ, ಗುಲಾಬಿ ಎಸಳು, ಕೊನೆಗೆ ಬಾದಾಮಿ. ನೀರು ಚಮಚದಿಂದಲೇ ಹಾಕಬೇಕು. ಒಮ್ಮೆಲೇ ಸುರಿದರೆ ಕಾಳುಗಳು ತೇಲಿ ಅರೆಯಲು ಸಿಗುವುದಿಲ್ಲ.

ಅಲ್ಲಿ ಇದನ್ನು ಅರೆಯುವುದು ಕುಂಡಿ–ಡಂಡಾದಲ್ಲಿ. ಕುಂಡಿ ಎಂದರೆ ಒಳಮೈ ಒರಟಾಗಿರುವ ಅಗಲ ಬಾಯಿಯ ಮಣ್ಣಿನ ಅಥವಾ ಕಲ್ಲಿನ ಪಾತ್ರೆ. ಡಂಡಾ ಎಂದರೆ ಮೊಣಕೈಗಿಂತ ಉದ್ದದ ಮರದ ದೊಣ್ಣೆ. ಕುಟ್ಟುವುದಿಲ್ಲ, ಪಾತ್ರೆಯ ಗೋಡೆಗೆ ಒತ್ತಿ ಸುತ್ತ ತಿರುಗಿಸುತ್ತಾರೆ. ಕೆಲವು ಅಂಗಡಿಯವರು ಡಂಡಾದ ಮೇಲ್ತುದಿಗೆ ಗೆಜ್ಜೆ ಕಟ್ಟಿರುತ್ತಾರೆ, ಆ ಸದ್ದಿಗೇ ದಾರಿಹೋಕರು ತಿರುಗಿ ನೋಡುತ್ತಾರೆ. ನಮ್ಮ ಮನೆಗಳಲ್ಲಿ ಒರಳು ಕಲ್ಲು ಇದ್ದವರು ಧಾರಾಳವಾಗಿ ಅದನ್ನು ಬಳಸಬಹುದು. ಮಿಕ್ಸಿಯಾದರೆ ಚಟ್ನಿ ಜಾರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಸತತವಾಗಿ ಓಡಿಸಿದರೆ ಬಿಸಿಯೇರಿ ಬಾದಾಮಿ ಎಣ್ಣೆ ಬಿಡುತ್ತದೆ. ಹದ ತಿಳಿಯಲು ಚೂರು ತೆಗೆದು ಹೆಬ್ಬೆರಳು–ತೋರುಬೆರಳ ನಡುವೆ ಉಜ್ಜಿ. ತರಿ ತಾಕದೆ ಬೆರಳು ಜಾರಿದರೆ ಆಯಿತು.

4. ಅರೆದದ್ದಕ್ಕೆ ಒಂದು ಲೋಟ ನೀರು ಬೆರೆಸಿ, ತೊಳೆದ ಮಲ್‌ಮಲ್ ಬಟ್ಟೆಯಲ್ಲಿ ಸೋಸಿ ಹಿಂಡಿ. ಬಟ್ಟೆಯಲ್ಲಿ ಉಳಿದ ಚರಟವನ್ನು ಎಸೆಯಬೇಡಿ. ಮತ್ತೆ ಅರೆದು, ಉಳಿದ ನೀರಿನಲ್ಲಿ ಕದಡಿ, ಮತ್ತೆ ಹಿಂಡಿ. ಮೂರನೆಯ ಸಲಕ್ಕೆ ಚರಟದಲ್ಲಿ ಬರಿ ನಾರು ಉಳಿಯುತ್ತದೆ. ಸೋಮಾರಿತನ ಮಾಡಿ ಒಂದೇ ಸಲ ಹಿಂಡಿದರೆ ಅರ್ಧ ಬಾದಾಮಿ ಕಸದ ಬುಟ್ಟಿಗೆ ಹೋದಂತೆಯೇ.

5. ಸೋಸಿದ್ದಕ್ಕೆ ಸಕ್ಕರೆ ಕರಗಿಸಿ, ತಣ್ಣನೆಯ ಹಾಲು ಸೇರಿಸಿ. ಎರಡು ಪಾತ್ರೆಗಳ ನಡುವೆ ಎತ್ತರದಿಂದ ಐದಾರು ಬಾರಿ ಸುರಿದು ನೊರೆ ಬರಿಸಿ. ಕನಿಷ್ಠ ಎರಡು ಗಂಟೆ ಫ್ರಿಜ್‌ನಲ್ಲಿಡಿ.

ಕುಡಿದಾಗ ಮೊದಲು ಸೋಂಪಿನ ತಂಪು, ಆಮೇಲೆ ಬಾದಾಮಿ, ನುಂಗಿದ ಮೇಲೆ ಗಂಟಲಲ್ಲಿ ಮೆಣಸಿನ ಸಣ್ಣ ಖಾರ. ಆ ಖಾರ ಇಲ್ಲದಿದ್ದರೆ ಅದು ಬರಿ ಬಾದಾಮಿ ಹಾಲು. ಕೇಸರಿ, ಪಿಸ್ತಾ ಸೇರಿಸಿ ಸಿಂಗರಿಸುವವರಿದ್ದಾರೆ. ನನಗಂತೂ ಅವೆರಡೂ ಗುಲಾಬಿಯ ಪರಿಮಳವನ್ನು ಅಡಗಿಸುತ್ತವೆ ಅನಿಸುತ್ತದೆ.

ಹುಣಸೆ–ಆಲೂಬುಖಾರಾ ಪಾಕ

ಹೇಳದೆ ಬರುವ ಅತಿಥಿಗಳೇ ಹೆಚ್ಚಿರುವ ಮನೆಗೆ ಇದು ವರ. ಒಮ್ಮೆ ಪಾಕ ಮಾಡಿಟ್ಟರೆ ಎರಡು ವಾರ ಚಿಂತೆಯಿಲ್ಲ. ಆಲೂಬುಖಾರಾ ಎಂದರೆ ಒಣಗಿಸಿದ ಹುಳಿ–ಸಿಹಿ ಪ್ಲಮ್ ಹಣ್ಣು. ಒಣಹಣ್ಣಿನ ಅಂಗಡಿಯಲ್ಲಿ ಸಿಗುತ್ತದೆ.

ಬೀಜ ತೆಗೆದ ಹುಣಸೆಹಣ್ಣು 100 ಗ್ರಾಂ, ಆಲೂಬುಖಾರಾ 100 ಗ್ರಾಂ ತೊಳೆದು ಮೂರು ಲೋಟ ಬಿಸಿನೀರಿನಲ್ಲಿ ನಾಲ್ಕು ಗಂಟೆ ನೆನೆಸಿ. ಅದೇ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಕೈಯಿಂದ ಚೆನ್ನಾಗಿ ಕಿವುಚಿ ಜರಡಿಯಲ್ಲಿ ಸೋಸಿ. ಸೋಸಿದ ರಸಕ್ಕೆ 200 ಗ್ರಾಂ ಸಕ್ಕರೆ ಅಥವಾ ಬೆಲ್ಲ ಹಾಕಿ, ಚಮಚದ ಬೆನ್ನಿಗೆ ಅಂಟುವಷ್ಟು ಗಟ್ಟಿಯಾಗುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ. ಇಳಿಸಿದ ಮೇಲೆ ಅರ್ಧ ಟೀ ಚಮಚ ಕಪ್ಪು ಉಪ್ಪು, ಒಂದು ಟೀ ಚಮಚ ಹುರಿದು ಪುಡಿ ಮಾಡಿದ ಜೀರಿಗೆ. ಪಾತ್ರೆ ಸ್ಟೀಲಿನದಾಗಿರಲಿ, ಕಲಾಯಿ ಹೋದ ಹಿತ್ತಾಳೆ, ಅಲ್ಯೂಮಿನಿಯಂ ಎರಡೂ ಹುಳಿಗೆ ಆಗದು. ಪೂರ್ತಿ ತಣಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಲೋಟಕ್ಕೆ ಮೂರು ದೊಡ್ಡ ಚಮಚ ಪಾಕ, ತಣ್ಣೀರು, ನಾಲ್ಕು ಪುದೀನ ಎಲೆ, ಒಂದು ಚಮಚ ನೆನೆದ ಕಾಮಕಸ್ತೂರಿ. ಬೆಲ್ಲದಲ್ಲಿ ಮಾಡಿದ್ದು ನೋಡಲು ಕಪ್ಪು, ರುಚಿಯಲ್ಲಿ ಮೇಲು.

ಮೇ–ಜೂನ್ ತಿಂಗಳಲ್ಲಿ ಅಲ್ಲಿ ಫಾಲ್ಸಾ ಎಂಬ ಕಡುನೇರಳೆ ಬಣ್ಣದ ಪುಟ್ಟ ಹಣ್ಣಿನ ಶರಬತ್ತೂ ನಡೆಯುತ್ತದೆ. ಹಣ್ಣು ಕಿತ್ತ ಒಂದೆರಡು ದಿನಕ್ಕೇ ಕೆಡುವುದರಿಂದ ನಮ್ಮ ಪೇಟೆಗಳಿಗೆ ಬರುವುದು ಅಪರೂಪ. ಸಿಕ್ಕಿದರೆ ಸಕ್ಕರೆ, ಕಪ್ಪು ಉಪ್ಪು ಹಾಕಿ ಕಿವುಚಿ ಸೋಸಿ, ಅಷ್ಟೇ.

ಐದು ನಿಮಿಷವಷ್ಟೇ ಇದ್ದಾಗ

ಶಿಕಂಜಬೀನ್ ನಮ್ಮ ನಿಂಬೆಹಣ್ಣಿನ ಪಾನಕಕ್ಕೆ ತೀರ ಹತ್ತಿರದ್ದು. ನಾಲ್ಕು ಲೋಟ ತಣ್ಣೀರಿಗೆ ಆರು ದೊಡ್ಡ ಚಮಚ ಸಕ್ಕರೆ ಹಾಕಿ ಪೂರ್ತಿ ಕರಗಿಸಿ. ಕರಗಿದ ಮೇಲೆಯೇ ಮೂರು ನಿಂಬೆಹಣ್ಣು ಹಿಂಡಿ. ಕಾಲು ಟೀ ಚಮಚ ಕಪ್ಪು ಉಪ್ಪು, ಚಿಟಿಕೆ ಅಡುಗೆ ಉಪ್ಪು, ಅಂಗೈಯಲ್ಲಿ ಒಮ್ಮೆ ತಟ್ಟಿದ ಪುದೀನ. ನಿಂಬೆಯ ಸಿಪ್ಪೆ ಕಚ್ಚುವಷ್ಟು ಬಿಗಿಯಾಗಿ ಹಿಂಡಿದರೆ ಕಹಿ ಇಳಿಯುತ್ತದೆ.

ಇನ್ನು ರೂಹ್ ಅಫ್ಜಾ. ಈ ಕೆಂಪು ಶರಬತ್ತಿನ ಕಥೆ ಒಂದು ಮನೆತನದ ಕಥೆ. 1906ರಲ್ಲಿ ಹಕೀಮ್ ಹಾಫಿಜ್ ಅಬ್ದುಲ್ ಮಜೀದ್ ಹಳೆ ದೆಹಲಿಯಲ್ಲಿ ಹಮ್‌ದರ್ದ್ ಎಂಬ ಯುನಾನಿ ಔಷಧಾಲಯ ತೆರೆದರು. ಬೇಸಿಗೆಯ ಬೇಗೆಗೆಂದು ಅಲ್ಲಿ ಹುಟ್ಟಿದ್ದು ಈ ಪಾಕ. ದೇಶ ವಿಭಜನೆಯಾದಾಗ ಹಿರಿಯ ಮಗ ಹಕೀಮ್ ಅಬ್ದುಲ್ ಹಮೀದ್ ದೆಹಲಿಯಲ್ಲೇ ಉಳಿದರು. ಕಿರಿಯ ಮಗ ಹಕೀಮ್ ಮೊಹಮ್ಮದ್ ಸಯೀದ್ ಕರಾಚಿಗೆ ಹೋಗಿ 1948ರಲ್ಲಿ ಅಲ್ಲಿಯೂ ಹಮ್‌ದರ್ದ್ ಕಟ್ಟಿದರು. ಹೀಗೆ ಗಡಿಯ ಎರಡೂ ಬದಿಯ ಮನೆಗಳಲ್ಲಿ ಒಂದೇ ಹೆಸರಿನ ಬಾಟಲಿ ನಿಂತಿದೆ. ರಂಜಾನ್ ಬಂದರೆ ಕರಾಚಿಯಲ್ಲೂ ಕಲಬುರಗಿಯಲ್ಲೂ ಇಫ್ತಾರಿನ ಹೊತ್ತಿಗೆ ಖರ್ಜೂರದ ಪಕ್ಕ ಅದೇ ಕೆಂಪು ಲೋಟ ಕಾಣಿಸುತ್ತದೆ.

ಇದನ್ನು ನೀರಿನಲ್ಲಿ ಮಾಡುವುದಾದರೆ ಲೋಟಕ್ಕೆ ಎರಡು ದೊಡ್ಡ ಚಮಚ ಪಾಕ, ಅರ್ಧ ನಿಂಬೆಹಣ್ಣಿನ ರಸ, ನೆನೆದ ಕಾಮಕಸ್ತೂರಿ. ಹಾಲಿನಲ್ಲಿ ಮಾಡುವುದಾದರೆ ನಿಂಬೆ ಬೇಡ, ಹಾಲು ಒಡೆಯುತ್ತದೆ. ಬದಲಿಗೆ ಒಂದು ಚಮಚ ನೆನೆದ ಕತೀರಾ ಹಾಕಿ. ಸಕ್ಕರೆ ಮತ್ತೆ ಸೇರಿಸಬೇಡಿ. ಪಾಕದಲ್ಲಿ ಇರುವುದೇ ಜಾಸ್ತಿ. ಲಾಹೋರಿನವರ ಮೆಚ್ಚಿನ ದೂಧ್ ಸೋಡಾದಲ್ಲಿ ಹಾಲಿಗೆ ನಿಂಬೆ ರುಚಿಯ ಸೋಡಾ ಬೆರೆಸುತ್ತಾರಲ್ಲ, ಅದು ಒಡೆಯುವುದಿಲ್ಲವೇ ಎಂದು ಕೇಳಬಹುದು. ಹಾಲು, ಸೋಡಾ ಎರಡೂ ಮಂಜಿನಷ್ಟು ತಣ್ಣಗಿರಬೇಕು, ಹಾಲಿಗೆ ಸೋಡಾವನ್ನು ನಿಧಾನವಾಗಿ ಸುರಿಯಬೇಕು, ಬೆರೆಸಿದ ಕೂಡಲೇ ಕುಡಿಯಬೇಕು. ಮಾಡಿಟ್ಟು ಮಾತಿಗೆ ಕುಳಿತರೆ ಒಡೆದೇ ಒಡೆಯುತ್ತದೆ.

ಸಕ್ಕರೆ ಬೇಡದವರಿಗೆ

ಮಧುಮೇಹ ಇರುವವರು ಬರುತ್ತಾರೆಂದು ಗೊತ್ತಿದ್ದರೆ ಉಪ್ಪು ಲಸ್ಸಿ ಮಾಡಿ. ಪಂಜಾಬಿನ ಹಳ್ಳಿಮನೆಗಳಲ್ಲಿ ಚಾಟಿ ಎಂಬ ದೊಡ್ಡ ಮಡಕೆಯಲ್ಲಿ ಮೊಸರು ಕಡೆದು, ಬೆಣ್ಣೆ ತೆಗೆದ ಮೇಲೆ ಉಳಿಯುವ ತೆಳು ಲಸ್ಸಿ ಅದು. ನಮ್ಮ ಮಜ್ಜಿಗೆಗೆ ಬೀಳುವ ಹಸಿಮೆಣಸು, ಇಂಗು, ಕರಿಬೇವು ಅಲ್ಲಿಲ್ಲ. ಉಪ್ಪು, ಹೆಚ್ಚೆಂದರೆ ಹುರಿದ ಜೀರಿಗೆ. ಹುಳಿಯಿಲ್ಲದ ಮೊಸರು ಎರಡು ಲೋಟ, ತಣ್ಣೀರು ಎರಡು ಲೋಟ, ಅರ್ಧ ಟೀ ಚಮಚ ಉಪ್ಪು ಹಾಕಿ ಕಡೆಗೋಲಿನಿಂದ ಕಡೆಯಿರಿ. ಬೆಣ್ಣೆಯ ಸಣ್ಣ ಕಣಗಳು ಮೇಲೆ ತೇಲಿದರೆ ಹಾಗೇ ಬಿಡಿ. ಪೇಟೆಯಲ್ಲಿ ಪೇಡಾ ಕಿವುಚಿ ಹಾಕಿದ ಲಾಹೋರಿ ಲಸ್ಸಿ ಸಿಗುತ್ತದೆ, ಆದರೆ ಒಂದು ಲೋಟ ಕುಡಿದರೆ ಮಧ್ಯಾಹ್ನದ ಊಟವೇ ಬೇಡವಾಗುತ್ತದೆ. ಊಟಕ್ಕೆ ಕರೆದ ಅತಿಥಿಗೆ ಅದನ್ನು ಕೊಡಬೇಡಿ.

ಲೋಟ ಕೊಡುವ ಕ್ರಮ

ಲೋಟಗಳನ್ನು ಕೈಯಲ್ಲಿ ಹಿಡಿದು ತರುವುದು ಅಲ್ಲಿ ಒರಟುತನ. ಟ್ರೇ ಬೇಕು, ಅದರ ಮೇಲೆ ಒಗೆದ ಬಟ್ಟೆ ಬೇಕು. ಜಗ್ಗಿನ ಬಾಯಿಗೆ ಅಂಚಿನಲ್ಲಿ ಮಣಿ ಪೋಣಿಸಿದ ಕ್ರೋಶಾ ಹೊದಿಕೆ ಹಾಕಿರುತ್ತಾರೆ. ಮಣಿಗಳ ಭಾರಕ್ಕೆ ಹೊದಿಕೆ ಗಾಳಿಗೆ ಹಾರುವುದಿಲ್ಲ, ನೊಣವೂ ಕೂರುವುದಿಲ್ಲ. ಹಿರಿಯರಿಗೆ ಮೊದಲು, ಬಲಗೈಯಿಂದ, ತುಸು ಬಾಗಿ ಕೊಡಬೇಕು. ಈ ಕೆಲಸ ಸಾಮಾನ್ಯವಾಗಿ ಮನೆಯ ಮಕ್ಕಳದು; ಬಂದವರಿಗೆ ಸಲಾಂ ಹೇಳಿ, ಲೋಟ ಕೊಟ್ಟು, ಹೇಗೆ ಮಾತಾಡಬೇಕೆಂಬುದನ್ನು ಅವರು ಕಲಿಯುವುದು ಹೀಗೆಯೇ. ಬಂದವರ ಎಣಿಕೆಗಿಂತ ಒಂದು ಲೋಟ ಹೆಚ್ಚಿಡಿ. ಅತಿಥಿಯನ್ನು ಕರೆತಂದ ಚಾಲಕ ಹೊರಗೆ ಕುಳಿತಿದ್ದರೆ ಅವನಿಗೂ ಅದೇ ಲೋಟ, ಅದೇ ಶರಬತ್ತು ಹೋಗಬೇಕು. ನನಗೆ ಇದಕ್ಕಿಂತ ಮುಖ್ಯವಾದ ಹಂತ ಈ ಲೇಖನದಲ್ಲಿ ಇನ್ನೊಂದಿಲ್ಲ.

ಅತಿಥಿ ‘ಇಷ್ಟೆಲ್ಲ ತಕಲ್ಲುಫ್ (ಉಪಚಾರದ ತೊಂದರೆ) ಏಕೆ?’ ಎನ್ನುತ್ತಾರೆ. ಮನೆಯವರು ‘ತಕಲ್ಲುಫ್ ಏನೂ ಇಲ್ಲ, ತೆಗೆದುಕೊಳ್ಳಿ’ ಎನ್ನುತ್ತಾರೆ. ಮೊದಲ ‘ಬೇಡ’ವನ್ನು ನಿಜವೆಂದು ನಂಬಿ ಟ್ರೇ ಹಿಂದಕ್ಕೆ ಒಯ್ಯಬಾರದು. ಎರಡು ಸಲ ಒತ್ತಾಯಿಸಿದ ಮೇಲೂ ಬೇಡವೆಂದರೆ ಪಥ್ಯವೋ ಉಪವಾಸವೋ ಇರಬೇಕೆಂದು ತಿಳಿದು ಬಿಟ್ಟುಬಿಡಿ. ನೀವೇ ಅತಿಥಿಯಾದರೆ ಕೊನೆಯ ಪಕ್ಷ ಅರ್ಧ ಲೋಟವಾದರೂ ಕುಡಿಯಿರಿ.

ಮನೆಬಾಗಿಲಿನ ಹೊರಗೂ ಈ ಸತ್ಕಾರ ಇದೆ. ಮೊಹರಂ ತಿಂಗಳಲ್ಲಿ, ಕರ್ಬಲಾದ ಕಾಳಗದಲ್ಲಿ ನೀರಿಲ್ಲದೆ ಮಡಿದವರ ಬಾಯಾರಿಕೆಯನ್ನು ನೆನೆದು ರಸ್ತೆ ಬದಿಯಲ್ಲಿ ಸಬೀಲ್ ಎಂಬ ಅರವಟಿಗೆ ಇಡುತ್ತಾರೆ. ನೀರು, ಹಾಲಿನ ಶರಬತ್ತು ಯಾರು ಬಂದರೂ ಉಂಟು; ಜಾತಿ, ಮತ ಕೇಳುವವರಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳ ಮೊಹರಂನಲ್ಲಿ ಪಾನಕ ಹಂಚುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಚಹಾ ಯಾವಾಗ?

ಶರಬತ್ತು ಕೊಟ್ಟ ಮೇಲೂ ಚಹಾ ತಪ್ಪುವುದಿಲ್ಲ. ಅರ್ಧ ಗಂಟೆ ಬಿಟ್ಟು, ಇಲ್ಲವೇ ಊಟದ ಮೇಲೆ ಕೊಡಬೇಕು. ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನ ಕಡೆಯ ಕಹ್ವಾ ಸರಳ: ನಾಲ್ಕು ಲೋಟ ನೀರಿಗೆ ಜಜ್ಜಿದ ಏಲಕ್ಕಿ ಐದು ಹಾಕಿ ಕುದಿಸಿ, ಒಲೆ ಆರಿಸಿ, ಎರಡು ಟೀ ಚಮಚ ಹಸಿರು ಚಹಾ ಎಲೆ ಹಾಕಿ ಮೂರು ನಿಮಿಷ ಮುಚ್ಚಿಡಿ. ಎಲೆಯನ್ನು ಕುದಿಸಿದರೆ ಕಹಿ. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ, ಪಕ್ಕಕ್ಕೆ ಒಂದು ತುಂಡು ಬೆಲ್ಲದೊಂದಿಗೆ ಕೊಡಿ.

ಚಳಿಗಾಲದ ಮದುವೆಮನೆಗಳ ಗುಲಾಬಿ ಬಣ್ಣದ ಕಾಶ್ಮೀರಿ ಚಹಾಕ್ಕೆ ಮಾತ್ರ ಎಲೆಯನ್ನು ಕುದಿಸಲೇಬೇಕು. ಎರಡು ದೊಡ್ಡ ಚಮಚ ಹಸಿರು ಚಹಾ ಎಲೆಗೆ ಮೂರು ಲೋಟ ನೀರು, ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ ಅರ್ಧಕ್ಕಿಳಿಯುವವರೆಗೆ ಕುದಿಸಿ. ಒಂದು ಲೋಟ ಮಂಜಿನ ನೀರು ಸುರಿದು, ಸೌಟಿನಲ್ಲಿ ಎತ್ತಿ ಎತ್ತಿ ಹದಿನೈದು ನಿಮಿಷ ಹೊಯ್ಯಿರಿ. ಸೋಡಾದ ಕ್ಷಾರ ಮತ್ತು ಗಾಳಿ ಎರಡೂ ಸೇರಿ ಕಷಾಯ ಬೀಟ್‌ರೂಟ್ ರಸದ ಬಣ್ಣಕ್ಕೆ ತಿರುಗುತ್ತದೆ. ಬಿಸಿ ಹಾಲು ಬಿದ್ದಾಗ ಗುಲಾಬಿಯಾಗುತ್ತದೆ. ಬಣ್ಣ ಬರಲಿಲ್ಲವೆಂದು ಸೋಡಾ ಹೆಚ್ಚಿಸಬೇಡಿ, ಸಾಬೂನಿನ ರುಚಿ ಬರುತ್ತದೆ, ಹೊಯ್ಯುವುದನ್ನು ಹೆಚ್ಚಿಸಿ. ಹಾಲು ಹಾಕದ ಕಷಾಯ ಫ್ರಿಜ್‌ನಲ್ಲಿ ನಾಲ್ಕೈದು ದಿನ ನಿಲ್ಲುತ್ತದೆ. ಥಾದಲ್ ಮಾತ್ರ ಮಾಡಿದ ದಿನವೇ ಮುಗಿಸಿ, ಉಳಿದರೆ ಪಕ್ಕದ ಮನೆಗೆ ಕಳುಹಿಸಿ.